ನಿಮ್ಮ ಲೇಖನ ಹದಿನೇಳನೇ ಪ್ಯಾರಾದಲ್ಲಿ ಶುರುವಾಗುತ್ತದೆ

ನಮಸ್ಕಾರ.

ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಮೊದಲ ಸಲ ಇಲ್ಲಿ ಚಿತ್ರದುರ್ಗದ ಆಫೀಸಿನಲ್ಲಿ. ಎರಡನೇ ಸಲ ರಾತ್ರಿ ಮನೆಯಲ್ಲಿ, ಪಕ್ಕದಲ್ಲಿ ಹಾಳೆ, ಪೆನ್ಸಿಲ್ ಇಟ್ಟುಕೊಂಡು. ನೇರವಾಗಿ ಹೇಳಿಬಿಡುತ್ತೇನೆ. ಈಗಿರುವ ಹಾಗೆ ಇದನ್ನು ನಮ್ಮ ಮಾಸಿಕದಲ್ಲಿ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ವಿಷಯ ತುಂಬಾ ಒಳ್ಳೆಯದು. ದಾವಣಗೆರೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ದುಡ್ಡು ಕೂಡಿಟ್ಟು, ವರ್ಷಕ್ಕೆರಡು ಸಲ ತನ್ನ 150 ಸಿಸಿ ಗಾಡಿಯನ್ನು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಒಯ್ಯುತ್ತಾನೆ. ಸುಮಾರು 2.1 ಕಿ.ಮೀ. ಉದ್ದದ ಟ್ರ್ಯಾಕ್ ಅದು. ಅಲ್ಲಿ ಒಂದು ಸುತ್ತಿಗೆ 1 ನಿಮಿಷ 24 ಸೆಕೆಂಡ್ ತೆಗೆದುಕೊಳ್ಳುತ್ತಿದ್ದವನು, ಸೀಟಿನ ಹಿಂದೆ ಕಟ್ಟಿದ ಲಾಗರ್, ಅಂದರೆ ಗಾಡಿ ಎಲ್ಲಿ ಎಷ್ಟು ವೇಗದಲ್ಲಿತ್ತು ಅಂತ ಬರೆದಿಡುವ ಯಂತ್ರ, ಬರೆದುಕೊಟ್ಟ ಗೆರೆಗಳನ್ನು ಓದಲು ಕಲಿತು, 1 ನಿಮಿಷ 21ಕ್ಕೆ ಇಳಿಸುತ್ತಾನೆ. ಇಂಥ ಬರಹ ನನ್ನ ಮೇಜಿಗೆ ಬಂದದ್ದು ಇದೇ ಮೊದಲು.

ಆ ಹುಡುಗ ನೀವೇ. ಆದರೆ ಈ ಹುಡುಗ ಲೇಖನದಲ್ಲಿ ಎಲ್ಲಿದ್ದಾನೆ? ಎಣಿಸಿ ನೋಡಿದೆ. ಒಟ್ಟು 22 ಪ್ಯಾರಾ. ಮೊದಲ 14 ಯಂತ್ರಗಳ ಬಗ್ಗೆ. ಯಾವುದರಲ್ಲಿ ಎಷ್ಟು ಮೆಮೊರಿ, ಯಾವುದಕ್ಕೆ ಎಷ್ಟು ಬೆಲೆ, ಯಾವ ಸೆನ್ಸರ್ ಎಲ್ಲಿ ಕೂರಿಸಬೇಕು. ಗಾಡಿ ಟ್ರ್ಯಾಕಿಗೆ ಇಳಿಯುವುದು 15ರಲ್ಲಿ. 17ರಲ್ಲಿ ಈ ಮಾತು ಬರುತ್ತದೆ: “ಆ ಬಲ ತಿರುವಿಗೆ ಬ್ರೇಕ್ ತಡವಾಗಿ ಹಿಡಿದ ಸುತ್ತೇ ನನ್ನ ಒಳ್ಳೇ ಸುತ್ತು ಅಂತ ಇಡೀ ದಿನ ನಂಬಿದ್ದೆ. ಸಂಜೆ ನೋಡಿದರೆ ಅದೇ ನಿಧಾನದ ಸುತ್ತು.” ಅಷ್ಟೇ. ಮುಂದಿನ ಸಾಲಿಗೆ ನೀವು ಟೈರಿನ ಗಾಳಿಗೆ ಹೋಗಿಬಿಟ್ಟಿರಿ.

ನಾನು ಅಲ್ಲೇ ನಿಂತೆ. ನಿಮ್ಮ ಲೇಖನ ಇದೇ. ಮೈ ಒಂದು ಹೇಳಿತು, ಗೆರೆ ಇನ್ನೊಂದು ಹೇಳಿತು. ಓದುವವರಿಗೆ ತಕ್ಷಣ ಪ್ರಶ್ನೆ ಏಳುತ್ತದೆ. ತಡವಾಗಿ ಬ್ರೇಕ್ ಹಿಡಿದರೆ ಇನ್ನಷ್ಟು ದೂರ ಜೋರಾಗಿ ಹೋದ ಹಾಗಾಯಿತು ಅಲ್ವಾ? ಮತ್ತೆ ನಿಧಾನ ಹೇಗಾಯಿತು? ನೀವು ಉತ್ತರ ಕೊಟ್ಟಿಲ್ಲ. ನಾನು ರೇಸ್ ಓಡಿಸಿದವನಲ್ಲ. ಆದರೂ ತಡೆಯಲಾಗಲಿಲ್ಲ. ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕಕ್ಕೆ ಕೂತೆ.

ಆ ತಿರುವಿಗೆ ಬರುವಾಗ ನಿಮ್ಮ ವೇಗ ಗಂಟೆಗೆ 110 ಕಿ.ಮೀ. ಅದನ್ನು 60ಕ್ಕೆ ಇಳಿಸುತ್ತೀರಿ. ಬ್ರೇಕ್ ಹಿಡಿಯುವ ಜಾಗವನ್ನು 5 ಮೀಟರ್ ಮುಂದೆ ತಳ್ಳಿದರೆ, ಆ 5 ಮೀಟರನ್ನು 60ರ ಬದಲು 110ರಲ್ಲಿ ದಾಟಿದ ಹಾಗೆ. ಸುಮಾರು 0.14 ಸೆಕೆಂಡ್ ಉಳಿಯಿತು. ಆದರೆ ತಡವಾಗಿ ಹಿಡಿದದ್ದಕ್ಕೆ ತಿರುವಿನ ಒಳಗೆ ಹೋದ ಮೇಲೂ ಬೆರಳು ಬ್ರೇಕ್ ಮೇಲೆ ಉಳಿಯಿತು. ಗಾಡಿ ಹೊರಗೆ ಎಳೆಯಿತು. ರೈಸ್ ಕೊಡುವುದು ತಡವಾಯಿತು. ತಿರುವಿನಿಂದ ಹೊರಗೆ ಬೀಳುವಾಗ ವೇಗ 3 ಕಿ.ಮೀ. ಕಡಿಮೆ. ಮುಂದೆ 400 ಮೀಟರ್ ನೇರ ಇದೆ ಅಂತಿಟ್ಟುಕೊಳ್ಳಿ. ಸರಾಸರಿ 100ರಲ್ಲಿ ಓಡಿಸಿದರೆ ಅದಕ್ಕೆ 14.4 ಸೆಕೆಂಡ್ ಬೇಕು. ಶುರುವಿನಲ್ಲಿ ಕಡಿಮೆಯಾದ ಆ 3 ಕಿ.ಮೀ. ಕೊನೆಯವರೆಗೂ ಹಾಗೇ ಇರುವುದಿಲ್ಲ, ಹೋಗ್ತಾ ಹೋಗ್ತಾ ಸವೆಯುತ್ತದೆ. ಸರಾಸರಿಯಲ್ಲಿ ಅರ್ಧ ಉಳಿದರೂ ನಷ್ಟ 0.2 ಸೆಕೆಂಡಿಗಿಂತ ಜಾಸ್ತಿ. ಗಳಿಸಿದ್ದು 0.14, ಕಳೆದದ್ದು 0.2.

ಲೆಕ್ಕ ಮುಗಿದ ಮೇಲೆ ನನಗೆ ಇನ್ನೊಂದು ಹೊಳೆಯಿತು. ಗಳಿಸಿದ್ದು ಒಂದೇ ಜಾಗದಲ್ಲಿ, ಎದೆ ಝಲ್ಲೆನ್ನುವ ಹಾಗೆ ಸಿಗುತ್ತದೆ. ಕಳೆದದ್ದು 14 ಸೆಕೆಂಡಿನ ಉದ್ದಕ್ಕೂ ಚೂರುಚೂರಾಗಿ ಹೋಗುತ್ತದೆ. ಮೈಗೆ ಅದು ಗೊತ್ತೇ ಆಗುವುದಿಲ್ಲ. ಲಾಗರ್ ಬೇಕಾಗುವುದು ಇದಕ್ಕೇ ಅಲ್ಲವೇ? ನಿಮ್ಮ 14 ಪ್ಯಾರಾ ಹೇಳದ್ದನ್ನು ಈ ಒಂದು ತಿರುವು ಹೇಳುತ್ತದೆ. ನನ್ನ ಲೆಕ್ಕ ಅಂದಾಜಿನದು. ನಿಮ್ಮ ಹತ್ತಿರ ನಿಜವಾದ ಅಂಕಿ ಇದೆ. ಅದನ್ನೇ ಹಾಕಿ.

ವೇಗದ ಗೆರೆ ಹೇಗಿರುತ್ತದೆ ಅಂತ ಓದುಗರಿಗೆ ತೋರಿಸಿ. ಎಲ್ಲರೂ ಅದನ್ನು ನೋಡಿರುವುದಿಲ್ಲ. ನನಗಂತೂ ನೀವು ಜೊತೆಗೆ ಕಳಿಸಿದ ಚಿತ್ರ ನೋಡಿದಾಗ ಜೋಗಿಮಟ್ಟಿ ಕಡೆಯ ಬೆಟ್ಟದ ಸಾಲು ನೆನಪಾಯಿತು. ನೇರದಲ್ಲಿ ಏರು, ಬ್ರೇಕ್ ಹಿಡಿದಲ್ಲಿ ಕಡಿದಾದ ಇಳಿಜಾರು, ತಿರುವಿನ ನಡುವೆ ಕಣಿವೆಯ ತಳ. ಬೆಟ್ಟದ ತುದಿ ಚೂಪಾಗಿದ್ದರೆ ರೈಸ್ ಬಿಟ್ಟ ಕೂಡಲೇ ಬ್ರೇಕ್ ಹಿಡಿದಿದ್ದೀರಿ. ತುದಿ ಗುಂಡಗಿದ್ದರೆ ನಡುವೆ ರೈಸೂ ಇಲ್ಲ, ಬ್ರೇಕೂ ಇಲ್ಲ. 110ರಲ್ಲಿ ಅರ್ಧ ಸೆಕೆಂಡ್ ಹಾಗಿದ್ದರೂ 15 ಮೀಟರ್ ಸುಮ್ನೆ ಉರುಳಿದ ಹಾಗೆ. ನಿಮ್ಮ ಮೊದಲ ವರ್ಷದ ಗೆರೆಯಲ್ಲಿ ತುದಿಗಳೆಲ್ಲಾ ಗುಂಡಗಿವೆ. ಎರಡನೇ ವರ್ಷದ್ದರಲ್ಲಿ ಚೂಪು. ಇದನ್ನು ನೀವು ಬರೆದೇ ಇಲ್ಲ. ಚಿತ್ರ ನೋಡಿ ನಾನು ಕಂಡುಕೊಂಡೆ.

ಇನ್ನು ತಪ್ಪುಗಳು. ಎರಡು ಸುತ್ತುಗಳ ಗೆರೆಯನ್ನು ನೀವು ಹೊತ್ತಿನ ಮೇಲೆ ಹೋಲಿಸಿದ್ದೀರಿ. ಕೆಳಗಿನ ಅಡ್ಡಗೆರೆಯಲ್ಲಿ ಸೆಕೆಂಡ್ ಇದೆ. 30ನೇ ಸೆಕೆಂಡಿನಲ್ಲಿ ಬೇಗದ ಸುತ್ತು ತಿರುವಿನ ಒಳಗಿರುತ್ತದೆ, ನಿಧಾನದ ಸುತ್ತು ಇನ್ನೂ ತಿರುವಿಗೆ ಬಂದಿರುವುದಿಲ್ಲ. ಬೇರೆ ಬೇರೆ ಜಾಗಗಳನ್ನು ಹೋಲಿಸಿ ಏನು ಉಪಯೋಗ? ಅಡ್ಡಗೆರೆಯಲ್ಲಿ ದೂರ ಇರಬೇಕು. ಆಗ ಒಂದೇ ಜಾಗದಲ್ಲಿ ಎರಡೂ ಸುತ್ತಿನ ವೇಗ ಮೇಲೆ ಕೆಳಗೆ ಕಾಣುತ್ತದೆ. ಎಲ್ಲಿಂದ ಹಿಂದೆ ಬೀಳಲು ಶುರುವಾಯಿತು ಅಂತಲೂ ಗೊತ್ತಾಗುತ್ತದೆ.

ಎರಡನೆಯದು ಫೋನ್. ಫೋನಿನಲ್ಲಿರುವ ಜಿಪಿಎಸ್ ಸಾಕು, ಬ್ರೇಕ್ ಹಿಡಿದ ಜಾಗ ಒಂದು ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ ಅಂದಿದ್ದೀರಿ. ಸಿಗುವುದಿಲ್ಲ. ಸಾಮಾನ್ಯವಾಗಿ ಫೋನ್ ಸೆಕೆಂಡಿಗೆ ಒಂದು ಸಲ ಜಾಗ ಗುರುತಿಸುತ್ತದೆ. 100 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗಿರುತ್ತದೆ. ಆ 28 ಮೀಟರಿನಲ್ಲಿ ಬ್ರೇಕ್ ಎಲ್ಲಿ ಹಿಡಿದಿರೋ ಯಾರಿಗೆ ಗೊತ್ತು? ನೀವು ಬಳಸಿದ್ದು 10 ಹರ್ಟ್ಜ್‌ನ ಲಾಗರ್, ಅಂದರೆ ಸೆಕೆಂಡಿಗೆ ಹತ್ತು ಚುಕ್ಕಿ, ಎರಡು ಚುಕ್ಕಿ ನಡುವೆ 2.8 ಮೀಟರ್. ಅದಕ್ಕೇ ನಿಮಗೆ ಆ 5 ಮೀಟರ್ ಕಂಡದ್ದು. ಸುತ್ತಿನ ಒಟ್ಟು ಹೊತ್ತು ನೋಡಲು ಫೋನ್ ನಡೆಯುತ್ತದೆ ಅಂತ ಬರೆಯಿರಿ, ಅಲ್ಲಿಗೆ ನಿಲ್ಲಿಸಿ. ನಿಮ್ಮ ಮಾತು ನಂಬಿ ಯಾರಾದರೂ ಬ್ರೇಕ್ ಜಾಗ ಬದಲಾಯಿಸಿ ಬಿದ್ದರೆ ಕಷ್ಟ.

ಒಂದೇ ದಿನ ಟೈರಿನ ಗಾಳಿಯನ್ನೂ ಬದಲಾಯಿಸಿ, ತಿರುವಿಗೆ ಹೋಗುವ ದಾರಿಯನ್ನೂ ಬದಲಾಯಿಸಿ, ಸುತ್ತು ಬೇಗವಾದದ್ದು ಗಾಳಿಯಿಂದ ಅಂತ ತೀರ್ಮಾನ ಮಾಡಿದ್ದೀರಿ. ಅದು ಒಪ್ಪುವ ಮಾತಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಐದಾರು ಸುತ್ತು, ಆಮೇಲೆ ಮಾತು.

ಟ್ರ್ಯಾಕಿನ ಪ್ರತಿ ಭಾಗದಲ್ಲೂ ಸಿಕ್ಕ ಒಳ್ಳೇ ಹೊತ್ತನ್ನೆಲ್ಲ ಕೂಡಿಸಿ “ನಾನು 1 ನಿಮಿಷ 19 ಮಾಡಬಲ್ಲೆ” ಅಂದದ್ದೂ ಹಾಗೇ. ಒಂದು ಭಾಗದ ಒಳ್ಳೇ ಹೊತ್ತು ಮುಂದಿನ ಭಾಗವನ್ನು ಕೆಡಿಸಿ ಬಂದಿರಬಹುದು. ನಿಮ್ಮ ಬಲ ತಿರುವಿನ ಕಥೆ ಅದೇ ತಾನೇ?

ಪೀಠಿಕೆಯಲ್ಲಿ ಡೇಟಾ ಲಾಗಿಂಗ್ ಅನ್ನುವುದು ಹೊಸ ಕಾಲದ ವಿದ್ಯೆ, ನಮ್ಮ ಜನಕ್ಕೆ ಗೊತ್ತಿಲ್ಲ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ ಅಷ್ಟು ವರ್ಷ ನೀರು ಎಷ್ಟು ಅಡಿಗೆ ಏರಿತು, ಎಷ್ಟಕ್ಕೆ ಇಳಿಯಿತು ಅಂತ ಇವತ್ತು ಹೇಳಲು ಆಗುವುದು, ಮಟ್ಟ ನೋಡಿ ಬರೆದಿಟ್ಟವರು ಇದ್ದದ್ದರಿಂದ. ಹೊಳಲ್ಕೆರೆ ಕಡೆಯ ನಮ್ಮೂರಲ್ಲಿ ಅಪ್ಪ ಪ್ರತಿ ಮಳೆಯನ್ನೂ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದರು. “ಹೋದ ವರ್ಷ ಆರಿದ್ರಾ ಚೆನ್ನಾಗಿ ಬಂದಿತ್ತು” ಅಂತ ಯಾರಾದರೂ ಅಂದರೆ ಹಳೇ ಕ್ಯಾಲೆಂಡರ್ ತೆಗೆದು ತೋರಿಸುತ್ತಿದ್ದರು. ಎಷ್ಟೋ ಸಲ ನೆನಪೇ ತಪ್ಪಿರುತ್ತಿತ್ತು. ಬಿತ್ತನೆಯ ದಿನ ಗೊತ್ತು ಮಾಡುವಾಗ ಅವರು ನೋಡುತ್ತಿದ್ದದ್ದು ಆ ಕ್ಯಾಲೆಂಡರನ್ನೇ. ನಮ್ಮ ಓದುಗರಿಗೆ ಲಾಗಿಂಗ್ ಅಂದರೇನು ಅಂತ ಮೂರು ಪುಟ ಹೇಳಬೇಕಿಲ್ಲ. ನೇರವಾಗಿ ಆ ತಿರುವಿಗೆ ಕರೆದುಕೊಂಡು ಹೋಗಿ.

ಹತ್ತೊಂಬತ್ತನೇ ಪ್ಯಾರಾ. ನಸುಕಿನಲ್ಲಿ ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಲಾಗರ್ ಪರೀಕ್ಷೆ ಮಾಡಿದ್ದು, ಅಲ್ಲಿ ಸಿಕ್ಕ ವೇಗ. ಇದನ್ನು ಹಾಕುವುದಿಲ್ಲ, ಇದರಲ್ಲಿ ಚರ್ಚೆ ಇಲ್ಲ. ಆ ರಸ್ತೆಯಲ್ಲಿ ನಾನು ವಾರಕ್ಕೆರಡು ಸಲ ಓಡಾಡುತ್ತೇನೆ. ಬೆಳಗಿನ ಜಾವ ಹಾಲಿನ ಕ್ಯಾನ್ ಕಟ್ಟಿಕೊಂಡ ಗಾಡಿಗಳು ಬರುತ್ತವೆ. ಲೈಟಿಲ್ಲದ ಟ್ರ್ಯಾಕ್ಟರ್ ಎದುರಿಗೇ ಬರುತ್ತದೆ. ಕುರಿ ಹೊಡೆದುಕೊಂಡು ಜನ ದಾಟುತ್ತಾರೆ. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಬಾವುಟ ಹಿಡಿದವರು ಇರುತ್ತಾರೆ, ಆಂಬುಲೆನ್ಸ್ ನಿಂತಿರುತ್ತದೆ. ಇಲ್ಲಿ ಯಾರಿದ್ದಾರೆ? ಲಾಗರ್ ಸರಿಯಾಗಿ ಕೆಲಸ ಮಾಡುತ್ತದಾ ಅಂತ ನೋಡಬೇಕಿದ್ದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಇಟ್ಟುಕೊಂಡು ಬನ್ನಿ, ಸಾಕು. ನನಗೆ ನಿಮ್ಮಷ್ಟೇ ವಯಸ್ಸಿನ ಮಗ ಇದ್ದಾನೆ. ಅವನಿಗೆ ಹೇಳುವ ಹಾಗೇ ಹೇಳುತ್ತಿದ್ದೇನೆ, ಆ ರಸ್ತೆಯಲ್ಲಿ ಇನ್ನೊಮ್ಮೆ ಹಾಗೆ ಓಡಿಸಬೇಡಿ.

ಭಾಷೆಯ ಬಗ್ಗೆ ಒಂದೇ ಮಾತು. ‘ದತ್ತಾಂಶ ದಾಖಲೀಕರಣ’, ‘ಗತಿರೋಧಕ ಬಿಂದು’, ‘ವೇಗವರ್ಧಕ ನಿಯಂತ್ರಣ’. ಅಂಗಡಿಯಲ್ಲಿ ಗಿರಾಕಿಗಳ ಜೊತೆ ನೀವು ಹೀಗೆ ಮಾತಾಡುತ್ತೀರಾ? ಬ್ರೇಕ್ ಹಿಡಿದೆ, ರೈಸ್ ಕೊಟ್ಟೆ, ಗೇರ್ ಇಳಿಸಿದೆ ಅನ್ನುತ್ತೀರಿ. ಹಾಗೇ ಬರೆಯಿರಿ. 17ನೇ ಪ್ಯಾರಾದಲ್ಲಿ ನೀವು ಹಾಗೇ ಬರೆದಿದ್ದೀರಿ, ನಾನು ನಿಂತದ್ದು ಅದಕ್ಕೂ ಹೌದು. “ಡೇಟಾ ಸುಳ್ಳು ಹೇಳುವುದಿಲ್ಲ” ಅಂತ ಮೂರು ಸಲ ಬರೆದಿದ್ದೀರಿ. ಮೂರನ್ನೂ ತೆಗೆಯಿರಿ. ಜಿಪಿಎಸ್ ತಪ್ಪು ಜಾಗ ತೋರಿಸುವುದುಂಟು. ಸರಿಯಾದ ಗೆರೆಯನ್ನೂ ನಾವು ತಪ್ಪಾಗಿ ಓದುವುದುಂಟು.

ಹೊಸದಾಗಿ ಬರೆದು ಕಳಿಸಿ. ಆ ಸಂಜೆಯಿಂದ ಶುರು ಮಾಡಿ. ಹೆಲ್ಮೆಟ್ ತೆಗೆದಿಟ್ಟು, ಲ್ಯಾಪ್‌ಟಾಪ್ ಮುಂದೆ ಕೂತು, ನಿಧಾನದ ಸುತ್ತು ಯಾವುದು ಅಂತ ಗೊತ್ತಾದ ಗಳಿಗೆಯಿಂದ. ಯಂತ್ರದ ಬೆಲೆ, ಹರ್ಟ್ಜ್ ಎಲ್ಲ ಒಂದು ಪ್ಯಾರಾದಲ್ಲಿ ಮುಗಿಯಲಿ. 900 ಪದ ಸಾಕು. ಆ ಎರಡು ಸುತ್ತಿನ ಗೆರೆಗಳನ್ನು, ಅಡ್ಡಗೆರೆಯಲ್ಲಿ ದೂರ ಇಟ್ಟು, ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದು ಜೊತೆಗಿಡಿ. ಮುಂದಿನ ತಿಂಗಳ 20ರೊಳಗೆ ಬಂದರೆ ಅದರ ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ.

ಬರೆಯುವಾಗ ಒಂದನ್ನು ಮರೆಯಬೇಡಿ. ಮರುದಿನ ಬೆಳಗ್ಗೆ ಅದೇ ತಿರುವಿಗೆ ಬಂದಾಗ, 5 ಮೀಟರ್ ಮೊದಲೇ ಬ್ರೇಕ್ ಹಿಡಿಯಲು ನಿಮ್ಮ ಬೆರಳು ಒಪ್ಪಿತಾ? ಎಷ್ಟು ಸುತ್ತು ಬೇಕಾಯಿತು?