ಟೈಬೀರಿಯಸ್ ಮುಖದ ಗೀರು ಮುಚ್ಚಿಸಬೇಡಿ

ಸರ್, ಅಜ್ಜಿ ಪೆಟ್ಟಿಗೆಯ ರೋಮನ್ ಚಿನ್ನದ ನಾಣ್ಯಕ್ಕೆ ಗೀರು ಬಿದ್ದು ರಾಜನ ಮುಖ ಕೆಟ್ಟಿದೆ, ಆಚಾರ್ರ ಹತ್ರ ತುಂಬಿಸಿ ಪಾಲಿಶ್ ಮಾಡಿಸ್ತೀನಿ ಅಂತ ಬರೆದಿದ್ದೀರಿ. ದಯವಿಟ್ಟು ಬೇಡ, ಅದು ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಮುಖ. ನಾನೂ ಒಂದಕ್ಕೆ ಹೀಗೇ ಬೆಸುಗೆ ಹಾಕಿಸಿದವನು.

ಆ ಗೀರು ಉಳಿ ಏಟು, ಬೇಕೆಂದೇ ಹಾಕಿದ್ದು. 1898ರಲ್ಲಿ ತಮಿಳುನಾಡಿನ ಪುದುಕೋಟೆ ಕಡೆ ಸಿಕ್ಕ 501 ಆರಿಯಸ್‌ಗಳಲ್ಲಿ (ರೋಮನ್ ಚಿನ್ನದ ನಾಣ್ಯಗಳಲ್ಲಿ) ಬಹುಪಾಲಿಗೆ ಚಕ್ರವರ್ತಿಯ ತಲೆ ಮೇಲೇ ಅಡ್ಡ ಏಟಿದೆ. ಚಲಾವಣೆಯಿಂದ ತೆಗೆಯೋಕೆ ಹೊಡೆದರು ಅನ್ನೋದು ಒಂದು ವಾದ. ನಿಮ್ಮ ಫೋಟೋದಲ್ಲಿ ಏಟು ಕಿವಿಯಿಂದ ಕೆನ್ನೆಗೆ ಇಳಿದಿದೆ, ಎರಡೂ ಬದಿ ಚಿನ್ನ ಉಬ್ಬಿ ನಿಂತಿದೆ. ಆ ಉಬ್ಬನ್ನೇ ತಾನೆ ನೀವು ಉಜ್ಜಿಸೋಕೆ ಹೊರಟಿರೋದು? ಎರಕದ ನಕಲಿಯಾದರೆ ಗೀರಿನ ಅಂಚೂ ಬಳಸಿದ ಸೋಪಿನ ಹಾಗೆ ಮೊಂಡಾಗಿರುತ್ತೆ. ಆದರೆ ಉಬ್ಬು ಚೂಪಾಗಿದ್ದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ನಕಲಿ ಮೇಲೂ ಉಳಿ ಇಡಬಹುದು.

ನಾಣ್ಯದ ಹಿಂಬದಿಯಲ್ಲಿರೋ ಹೆಂಗಸು ನೀವಂದುಕೊಂಡ ಹಾಗೆ ಲಕ್ಷ್ಮಿ ಅಲ್ಲ. ಸುತ್ತ ‘ಪಾಂಟಿಫ್ ಮ್ಯಾಕ್ಸಿಮ್’ (ಮಹಾಪುರೋಹಿತ ಅನ್ನೋ ಚಕ್ರವರ್ತಿಯ ಬಿರುದು) ಅಂತಿದೆ, ಕೂತವಳ ಒಂದು ಕೈಲಿ ರಾಜದಂಡ, ಇನ್ನೊಂದರಲ್ಲಿ ರೆಂಬೆ. ಟೈಬೀರಿಯಸ್‌ನ ತಾಯಿ ಲಿವಿಯಾ ಅಂತ ಹಲವರು ಹೇಳ್ತಾರೆ. ಕುರ್ಚಿ ಕಾಲು ಸಾದಾನೋ ಕಡೆದದ್ದೋ ನೋಡಿ ಹೇಳಿ, ನಾಣ್ಯ ಯಾವ ಅಚ್ಚಿನ ಗುಂಪಿನದ್ದು ಅನ್ನೋದು ಅದರ ಮೇಲೆ ಗೊತ್ತಾಗುತ್ತೆ. ಅಕ್ಷರಗಳು ಬರೀ ಗೀಟುಗಳಾಗಿದ್ದರೆ ನಮ್ಮಲ್ಲೇ ಆ ಕಾಲದಲ್ಲಿ ಮಾಡಿದ ಅನುಕರಣೆ ಇರಬಹುದು. ಅದನ್ನೂ ಬಿಸಾಡಬೇಡಿ, ಅದಕ್ಕೆ ಬೇರೆಯೇ ಗಿರಾಕಿಗಳಿದ್ದಾರೆ. ರಾಜನ ತಲೆ ಮೇಲಿನ ಜೋಡಿ ತೂತು ಸರಕ್ಕೆ ಪೋಣಿಸೋಕೆ ಮಾಡಿದ್ದು, ಅದನ್ನೂ ಮುಚ್ಚಬೇಡಿ.

ತೂಕ ಹಾಕಿದ್ರಾ? ಟೈಬೀರಿಯಸ್ ಕಾಲದ್ದು 7.7 ಗ್ರಾಂ ಆಸುಪಾಸು ಬರಬೇಕು, ತೂತಿದ್ದರೆ ಸ್ವಲ್ಪ ಕಡಿಮೆ. ಮುಂದೆ ಚಕ್ರವರ್ತಿ ನೀರೋ ಕ್ರಿ.ಶ. 64ರಲ್ಲಿ ತೂಕ ಇಳಿಸಿದ ಮೇಲಿನವು 7.3. ನಾನು ನಂಬೋದು ನೀರಿನ ತೂಕವನ್ನ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನ ದಾರದಲ್ಲಿ ತಳ ಮುಟ್ಟದ ಹಾಗೆ ಮುಳುಗಿಸಿ. 7.7 ಗ್ರಾಂ ನಾಣ್ಯಕ್ಕೆ ತಕ್ಕಡಿ 0.40 ಗ್ರಾಂ ತೋರಿಸಬೇಕು. 0.45 ಬಂದರೆ ಅನುಮಾನ. ಮೂರು ದಶಮಾಂಶದ ತಕ್ಕಡಿಯೇ ಬೇಕು, ಅಡುಗೆಮನೆಯದ್ದು ದಂಡ. ಗುಳ್ಳೆ ಅಂಟಿದ್ದರೂ ಲೆಕ್ಕ ತಪ್ಪುತ್ತೆ. ಹೊಸ ಚಿನ್ನದಲ್ಲೇ ಮಾಡಿದ ನಕಲಿ ಈ ಪರೀಕ್ಷೆ ದಾಟಿಬಿಡುತ್ತೆ, ನೆನಪಿರಲಿ.

ಪಿತಾಂಬರಿ ದೇವರ ಮನೆಗಿರಲಿ. ನಿಮಗೆ ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ಉಜ್ಜಿ ಅಂತ ಸಲಹೆ ಕೊಟ್ಟ ಬೇರೆಯವರಿಗೂ ಹೇಳ್ತಿದ್ದೀನಿ, ಚಿನ್ನಕ್ಕೆ ಮಣ್ಣು ಹಿಡಿದಿದ್ದರೆ ಶುದ್ಧ ನೀರಲ್ಲಿ ನೆನೆಹಾಕಿ, ಒತ್ತಿ ಒಣಗಿಸಿ, ಉಜ್ಜಬೇಡಿ. ಇಡೋಕೆ ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಮೈಲಾರ್ (ಪಾಲಿಯೆಸ್ಟರ್) ಕವರ್ ತಗೊಳ್ಳಿ.

ಹೊಲದಲ್ಲಿ ಸಿಕ್ಕಿದ್ದಾಗಿದ್ದರೆ ಜಿಲ್ಲಾಧಿಕಾರಿಗೆ ತಿಳಿಸಬೇಕಿತ್ತು. ವಿದೇಶಕ್ಕೆ ಕಳಿಸೋ ಮಾತಂತೂ ಎತ್ತಲೇಬೇಡಿ, ಪ್ರಾಚೀನ ವಸ್ತುಗಳ 1972ರ ಕಾಯ್ದೆ ಇದೆ. ಅಂಚಿನ ಫೋಟೋ ಹಾಕಿ, ಬೆಳಕು ಪಕ್ಕದಿಂದ ಬೀಳಲಿ, ಫ್ಲ್ಯಾಶ್ ಬೇಡ.