“ನನ್ನ ಕೂದಲಿಂದ ನೀರು ಬರಲಿಲ್ವಾ?”

ಹೆಸರು, ಊರು, ಗುರುತು ಹತ್ತುವಂಥ ವಿವರ ಎಲ್ಲ ಬದಲಿಸಿದ್ದೇನೆ. ಆದರೂ ಇದನ್ನು ಬರೆಯಲು ಬಹಳ ದಿನ ಹಿಂದೇಟು ಹಾಕಿದೆ. ಕೋಲಾರದಲ್ಲಿ ಕೂತು ಆಪ್ತಸಲಹೆ ಮಾಡುವ ನನ್ನ ಮುಂದೆ “ದೇವರು ನಮಗೇ ಯಾಕೆ ಹಿಂಗೆ ಮಾಡಿದ?” ಎಂಬ ಪ್ರಶ್ನೆ ಬರುತ್ತಲೇ ಇರುತ್ತದೆ. ಕಾಯಿಲೆ ಬಿದ್ದವರು ಕೇಳುತ್ತಾರೆ, ಮಗು ಕಳೆದುಕೊಂಡವರು ಕೇಳುತ್ತಾರೆ. ಇವರು ಕೇಳಿದ್ದು ಬೋರ್‌ವೆಲ್ ವಿಷಯಕ್ಕೆ.

ಮುಳಬಾಗಿಲು ಕಡೆಯ ಟೊಮೆಟೊ ಬೆಳೆಗಾರರು. ವಯಸ್ಸು ನಲವತ್ತರ ಆಸುಪಾಸು. ನಾಲ್ಕು ಬೋರ್ ಕೊರೆಸಿದ್ದರು, ನಾಲ್ಕೂ ಫೇಲ್. ಕೊನೆಯದು 1,300 ಅಡಿ ಇಳಿದರೂ ಬರೀ ಧೂಳು ಎದ್ದಿತು. ಪಕ್ಕದ ಹೊಲದವನಿಗೆ ಮೊದಲನೇ ಬೋರಿಗೇ ನೀರು. ಆಮೇಲೆ 2023ರ ಜುಲೈ ಬಂತು. ಕೋಲಾರ ಮಾರ್ಕೆಟ್ಟಿನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದ ತಿಂಗಳು ಅದು. ಇವರ ತೋಟ ಒಣಗಿ ನಿಂತಿತ್ತು. ಪಕ್ಕದವನ ಲೋಡು ದಿನಾ ಇವರ ಮನೆ ಮುಂದೆಯೇ ಹೋಗುತ್ತಿತ್ತು.

“ಅವನು ಕುಡೀತಾನೆ ಮೇಡಂ. ಅಣ್ಣನ ಪಾಲೂ ನುಂಗಿದಾನೆ. ನಾನು ಶನಿವಾರದ ಒಪ್ಪೊತ್ತು ಒಂದು ಸಲಾನೂ ತಪ್ಪಿಸಿಲ್ಲ.”

ದೇವರ ಮುಂದೆ ದೀಪ ಹಚ್ಚುವುದನ್ನು ಬಿಟ್ಟಿದ್ದರು. ಹೆಂಡತಿ ಜೊತೆ ಮಾತೂ ಹೆಚ್ಚುಕಮ್ಮಿ ಅದೇ ವಾರ ನಿಂತಿತ್ತಂತೆ. ಕರೆತಂದಿದ್ದು ಆಕೆಯೇ, 2024ರಲ್ಲಿ.

ಮೊದಲ ಸಲವೇ ನೇರವಾಗಿ ಕೇಳಿದೆ: ಸಾಯಬೇಕು ಅನ್ನಿಸಿದೆಯಾ? ಎರಡು ಸಲ ಔಷಧಿ ಡಬ್ಬ ಕೈಗೆ ತಗೊಂಡಿದ್ದೆ ಅಂದರು. ಹೊಲಕ್ಕೆ ಹೊಡೆಯುವ ಔಷಧಿಯೆಲ್ಲ ಅವತ್ತೇ ಭಾವಮೈದುನನ ಮನೆ ಸೇರಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿಗೆ ಕಳಿಸಿ ಡಾಕ್ಟರಿಗೆ ತೋರಿಸಿದೆವು, ಮಾತ್ರೆ ಶುರುವಾಯಿತು. ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಅಂತ ಬಹಳ ಜನ ಹೆದರುತ್ತಾರೆ. ಹಾಗೇನೂ ಇಲ್ಲ, ಕೇಳಿ. ರಾತ್ರಿ ಹೊತ್ತು ಕಷ್ಟವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮೂರನೇ ಸಲ ಬಂದಾಗ ಅವರ ಕಟ್ಟೆ ಒಡೆಯಿತು. ನನ್ನ ಹತ್ತಿರ ಕನ್ನಡ ಮಾತಾಡುವವರು ಸಿಟ್ಟು ಬಂದಾಗ ಮನೆಯ ತೆಲುಗಿಗೆ ಜಾರಿದರು. “ನೇನೇಮಿ ತಪ್ಪು ಚೇಸಿನಾ?” ನಾನೇನು ತಪ್ಪು ಮಾಡಿದೆ, ಹೇಳಿಬಿಡಲಿ, ದಂಡ ಕಟ್ಟುತ್ತೇನೆ ಅಂತ. ತಪ್ಪನ್ನು ಅವರೇ ಹುಡುಕಿಯೂ ಇಟ್ಟುಕೊಂಡಿದ್ದರು. 2019ರಲ್ಲಿ ಮಗಳು ಹುಟ್ಟಿದಾಗ ಚಿಕ್ಕತಿರುಪತಿಯಲ್ಲಿ ಅವಳ ಮುಡಿ ಕೊಡುತ್ತೇವೆ ಅಂತ ಹರಕೆ ಹೊತ್ತಿದ್ದರು. ವರ್ಷ ತುಂಬುವ ಹೊತ್ತಿಗೆ ಲಾಕ್‌ಡೌನ್, ದೇವಸ್ಥಾನದ ಬಾಗಿಲು ಹಾಕಿತ್ತು. ಆಮೇಲೆ ಸಾಲ, ಬೋರು. ಹಾಗೇ ಉಳಿದುಹೋಯಿತು. ನೆಂಟರೂ ಅದನ್ನೇ ಎತ್ತಿ ಆಡಿದ್ದರು: “ಮೊದಲು ಅದು ತೀರಿಸು, ಆಮೇಲೆ ನೀರು ಕೇಳು.”

ಅಲ್ಲಿತನಕ ಸೆರಗು ತಿರುಚುತ್ತಾ ಕೂತಿದ್ದ ಹೆಂಡತಿ ಬಾಯಿಬಿಟ್ಟರು.

“ನಮ್ಮ ಪಾಪ ಮೊನ್ನೆ ತಲೆ ಬಾಚ್ತಾ ಇದ್ರೆ ಕೇಳಿದ್ಲು ಮೇಡಂ. ಅಮ್ಮಾ, ನನ್ನ ಕೂದಲಿಂದ ನೀರು ಬರಲಿಲ್ವಾ ಅಂತ.”

ಮಗುವಿಗೆ ಐದು ವರ್ಷ.

ಅಪ್ಪ ಈ ಮಾತು ಕೇಳಿದ್ದು ಅದೇ ಮೊದಲು. ತುಂಬ ಹೊತ್ತು ನೆಲ ನೋಡುತ್ತಾ ಕೂತರು. ನಾನೂ ಏನೂ ಹೇಳಲಿಲ್ಲ. ಹೊರಗೆ ಬಸ್ಸಿನವನು ಶ್ರೀನಿವಾಸಪುರ, ಶ್ರೀನಿವಾಸಪುರ ಅಂತ ಕೂಗುತ್ತಿದ್ದ. ಆಮೇಲೆ ಕೇಳಿದೆ.

“ಹರಕೆ ತಡ ಆಯ್ತು ಅಂತ ನೀವು ಆ ಮಗು ಮುಂದಿರೋ ತಟ್ಟೆ ಕಿತ್ಕೊಳ್ತೀರಾ?”

“ಛೆ, ಎಲ್ಲಾದ್ರೂ ಉಂಟಾ?”

“ಮತ್ತೆ ವೆಂಕಟರಮಣ ನಿಮಗಿಂತ ಕಟುಕ ಅಪ್ಪ ಅಂತ ಯಾರು ಹೇಳಿದ್ದು?”

ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರು ತಕರಾರು ತೆಗೆದರು. ಸಲಹೆಗಾರರು ದೇವರ ಪರ ವಕಾಲತ್ತು ಹಾಕಬಾರದು, ಹರಕೆ ಮೂಢನಂಬಿಕೆ ಅಂತ ಬಿಡಿಸಿ ಹೇಳಬೇಕಿತ್ತು ಅಂದರು. ಮೊದಲರ್ಧ ಒಪ್ಪುತ್ತೇನೆ, ಅಲ್ಲಿ ನಾನು ಸ್ವಲ್ಪ ಮುಂದೆ ಹೋದೆ. ಎರಡನೆಯದು ಒಪ್ಪುವುದಿಲ್ಲ. ನೀರು ಹೋಯಿತು, ದುಡ್ಡು ಹೋಯಿತು, ಊರಲ್ಲಿ ಮುಖ ಎತ್ತಿ ಓಡಾಡುವ ಧೈರ್ಯ ಹೋಯಿತು. ಉಳಿದ ದೇವರನ್ನೂ ನಾನೇ ಕಸಿದುಕೊಳ್ಳಲಾ? ನಾನು ತೆಗೆಯಬೇಕಿದ್ದು ಆ ಲೆಕ್ಕದ ಪುಸ್ತಕವನ್ನು ಮಾತ್ರ. ಒಪ್ಪೊತ್ತು ಇದ್ದದ್ದಕ್ಕೆ ಕೂಲಿ, ಹರಕೆ ತಪ್ಪಿದ್ದಕ್ಕೆ ದಂಡ ಎಂದು ಬರೆದುಕೊಳ್ಳುವ ಪುಸ್ತಕ. “ಎಲ್ಲಾ ಒಳ್ಳೇದಕ್ಕೇ”, “ಯಾವ ಜನ್ಮದ ಪಾಪವೋ” ಅನ್ನುವವರೂ ಅದೇ ಪುಸ್ತಕ ಹಿಡಿದು ಬರುತ್ತಾರೆ. ಸಮಾಧಾನ ಹೇಳುತ್ತಿದ್ದೇವೆ ಅಂದುಕೊಂಡು ನೊಂದವರನ್ನೇ ಅಪರಾಧಿ ಮಾಡಿ ಎದ್ದುಹೋಗುತ್ತಾರೆ. ಈ ವಿಷಯದಲ್ಲಿ ನನಗೆ ಸಿಟ್ಟು ಜಾಸ್ತಿ, ಕ್ಷಮಿಸಿ.

ಬೋರಿನ ವಿಷಯವನ್ನೂ ಬೇರೆಯಾಗಿ ಬಿಡಿಸಿಟ್ಟೆ. ನಮ್ಮ ಕೋಲಾರದ ನೆಲದಡಿ ಗಟ್ಟಿ ಕಲ್ಲು. ನೀರು ಇರುವುದು ಕಲ್ಲಿನ ಬಿರುಕುಗಳಲ್ಲಿ. ಬಿರುಕು ಸಿಕ್ಕವನಿಗೆ ನೀರು, ನೂರು ಅಡಿ ಈಚೆ ಕೊರೆದವನಿಗೆ ಧೂಳು. ಕಲ್ಲು ಒಳ್ಳೆಯವರ ಹೊಲ ಯಾವುದು, ಕೆಟ್ಟವರ ಹೊಲ ಯಾವುದು ಅಂತ ನೋಡಿ ಸೀಳುವುದಿಲ್ಲ. “ಹಂಗಾದ್ರೆ ಇದು ನ್ಯಾಯಾನಾ ಮೇಡಂ?” ಅಂದರು. ಅಲ್ಲ ಅಂದೆ. ನ್ಯಾಯ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಕೊಟ್ಟ ಸಲಹೆ ಇದು. ಸಾಲಕ್ಕೆ ಒಂದು ದಾರಿ ಆಗುವವರೆಗೆ ಐದನೇ ಬೋರಿನ ಮಾತು ಬೇಡ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು “ನಿನ್ನಿಂದ ಏನೂ ಆಗಿಲ್ಲ ಚಿನ್ನಾ” ಅಂತ ಅಪ್ಪನೇ ಹೇಳಬೇಕು, ಒಂದು ಸಲ ಅಲ್ಲ, ಹತ್ತು ಸಲ. ಮುಡಿ ಕೊಡುವುದಾದರೆ ಕೊಡಿ, ಆದರೆ ದಂಡ ಅಂತ ಕೊಡಬೇಡಿ. ದೀಪದ ಮುಂದೆ ದಿನಾ ಹತ್ತು ನಿಮಿಷ ಕೂತು ಹೊಟ್ಟೆಯಲ್ಲಿ ಇರುವುದನ್ನೆಲ್ಲ ತೆಲುಗಲ್ಲೇ ಬೈದುಬಿಡಿ.

ಕೊನೆಯದು ಕೇಳಿ ಗಾಬರಿಯಾದರು. ಬೈದರೆ ಪಾಪ ಅಲ್ವಾ? ದಾಸರು ದೇವರನ್ನೇ ಹಂಗಿಸಿ ಹಾಡಿದ್ದಾರೆ, ಅದಕ್ಕೆ ನಿಂದಾಸ್ತುತಿ ಅಂತ ಹೆಸರೇ ಇದೆ ಅಂದೆ. ನಂಬಿಕೆ ಅಂದರೆ ಸಿಟ್ಟು ನುಂಗಿಕೊಂಡು ಕೈಮುಗಿಯುವುದು ಅಂತ ಅವರು ತಿಳಿದಿದ್ದರು. ನನಗೆ ಅವರ ಸಿಟ್ಟಿಗಿಂತ ಅವರು ಮಾತು ಬಿಟ್ಟಿದ್ದೇ ಹೆಚ್ಚು ಭಯ ಹುಟ್ಟಿಸಿತ್ತು. ಹೆಂಡತಿ ಜೊತೆಗೂ ಹಾಗೇ ತಾನೇ ಮಾಡಿದ್ದು? ಈ ಮಾತಿಗೆ ಆಕೆ ಮೊದಲ ಸಲ ನಕ್ಕರು.

ಬೈದರಂತೆ. ಮೂರನೇ ದಿನ ಬೈಯುತ್ತಾ ಅತ್ತರಂತೆ, ಆಕೆ ಹೋಗಿ ಪಕ್ಕದಲ್ಲಿ ಕೂತರಂತೆ. ಸಾಲ ಇನ್ನೂ ಇದೆ. ಪಕ್ಕದವನ ಹೊಲಕ್ಕೆ ಈಗಲೂ ನೀರಿದೆ. ಇವರು ಮಳೆಗೆ ಬರುವ ರಾಗಿ ಹಾಕಿದ್ದಾರೆ, ಜೊತೆಗೆ ಎರಡು ಹಸು. ದೀಪ ಕೆಲವು ದಿನ ಹಚ್ಚುತ್ತಾರೆ, ಕೆಲವು ದಿನ ಇಲ್ಲ.

ಮೊನ್ನೆ ಫೋನ್ ಮಾಡಿದ್ದರು. ಚಿಕ್ಕತಿರುಪತಿಗೆ ಹೊರಡೋಣ ಅಂತ ದಿನ ನೋಡಿದರೆ ಮಗಳು ಬೇಡ ಅಂದಳಂತೆ. ಸ್ಕೂಲ್ ಡೇಗೆ ಡ್ಯಾನ್ಸ್ ಇದೆ, ಜಡೆ ಹಾಕಬೇಕು, ಅದು ಮುಗಿದ ಮೇಲೆ ಅಂತ.

“ನೀವೇನಂದ್ರಿ?”

“ಆಯ್ತು ಬಿಡು ಅಂದೆ ಮೇಡಂ. ಇಷ್ಟು ದಿನ ಕಾದೋನು, ಇನ್ನೂ ಎರಡು ತಿಂಗಳು ಕಾಯಲಿ.”