ಫಿಂಚ್ ಹಕ್ಕಿಗೆ ಬರೀ ನವಣೆ ಸಾಕೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಹಳ್ಳಿ. ಮಗಳಿಗೆಂದು ಒಂದು ಜೋಡಿ ಜೀಬ್ರಾ ಫಿಂಚ್ ತಂದಿದ್ದೇವೆ. ನವಣೆ ಹಾಕಿದರೆ ಸಾಕೆಂದು ಅಂಗಡಿಯವರು ಹೇಳಿದ್ದರು. ಬಟ್ಟಲು ಸದಾ ತುಂಬಿಯೇ ಇರುತ್ತದೆ, ಆದರೂ ಹಕ್ಕಿಗಳು ಸೊರಗುತ್ತಿವೆ. ನಮ್ಮ ಗದ್ದೆಗೆ ಬರುವ ರಾಟವಾಳಗಳೂ ಇದೇ ಜಾತಿಯವೇ? ಅವು ಏನನ್ನು ತಿನ್ನುತ್ತವೆ?

ಉತ್ತರ: ಮೊದಲು ಆ ಬಟ್ಟಲಿನ ಮೇಲೆ ಮೆಲ್ಲಗೆ ಊದಿ ನೋಡಿ. ಫಿಂಚ್‌ಗಳು ಕಾಳನ್ನು ಇಡಿಯಾಗಿ ನುಂಗದೆ, ಕೊಕ್ಕಿನಲ್ಲಿ ಹೊರಳಿಸಿ ಸಿಪ್ಪೆ ಸುಲಿದು ತಿರುಳನ್ನಷ್ಟೇ ತಿನ್ನುವುದರಿಂದ, ಉದುರಿದ ಹೊಟ್ಟು ಬಟ್ಟಲಿನಲ್ಲೇ ಉಳಿದು ನೋಡುವವರಿಗೆ ಕಾಳು ತುಂಬಿದಂತೆಯೇ ಕಾಣುತ್ತದೆ. ತುಂಬಿದ ಬಟ್ಟಲಿನ ಮುಂದೆಯೇ ಹಕ್ಕಿ ಉಪವಾಸ ಬೀಳುವುದು ಹೀಗೆ. ಇಷ್ಟು ಸಣ್ಣ ದೇಹಕ್ಕೆ ಒಂದು ದಿನದ ಹಸಿವೂ ಅಪಾಯಕಾರಿಯಾದ್ದರಿಂದ ದಿನವೂ ಹೊಟ್ಟು ತೂರಿ ಹೊಸ ಕಾಳು ಹಾಕಬೇಕು. ಆಮೇಲೂ ಚೇತರಿಕೆ ಕಾಣದಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ನವಣೆ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಆಸ್ಟ್ರೇಲಿಯಾದ ಬಯಲುಗಳಲ್ಲಿ ಬಗೆಬಗೆಯ ಹುಲ್ಲಿನ ಬೀಜ ತಿಂದು ಬದುಕುವ ಹಕ್ಕಿಯಿದು. ಆದ್ದರಿಂದ ನವಣೆಯ ಜೊತೆ ಸಾಮೆ, ಬರಗು ಬೆರೆಸಿ, ಮೊಳಕೆ ಬರಿಸಿದ ಕಾಳನ್ನೂ ಚೆನ್ನಾಗಿ ತೊಳೆದ ಹರಿವೆ ಸೊಪ್ಪನ್ನೂ ಸ್ವಲ್ಪ ಕೊಡಿ. ಮೊಟ್ಟೆಯಿಡುವ ಕಾಲದಲ್ಲಿ ಬೇಯಿಸಿದ ಕೋಳಿಮೊಟ್ಟೆಯ ಚೂರು ಮತ್ತು ಸುಣ್ಣದ ಅಂಶಕ್ಕಾಗಿ ಕಟ್ಲ್‌ಫಿಶ್ ಎಂಬ ಕಡಲಜೀವಿಯ ಚಿಪ್ಪು ಬೇಕೇ ಬೇಕು. ಬೆಣ್ಣೆಹಣ್ಣನ್ನು ಮಾತ್ರ ಕೊಡಲೇಬೇಡಿ, ಅದು ಹಕ್ಕಿಗಳಿಗೆ ವಿಷ. ಮಲೆನಾಡಿನ ಮಳೆಗಾಲದಲ್ಲಿ ನನಗೆ ಇದಕ್ಕಿಂತ ಹೆಚ್ಚಿನ ಚಿಂತೆಯೆಂದರೆ ಬೂಷ್ಟು: ತೇವ ಹಿಡಿದು ಮುಗ್ಗಲು ವಾಸನೆ ಬಂದ ಕಾಳಿನಲ್ಲಿ ಯಕೃತ್ತನ್ನು ಕೆಡಿಸುವ ವಿಷ ಇರಬಹುದು, ತೊಳೆದು ಒಣಗಿಸಿದರೂ ಅದು ಹೋಗುವುದಿಲ್ಲ. ಸ್ವಲ್ಪಸ್ವಲ್ಪವೇ ಕೊಂಡು ಗಾಳಿಯಾಡದ ಡಬ್ಬದಲ್ಲಿಡಿ.

ರಾಟವಾಳಗಳು ನಿಮ್ಮ ಜೀಬ್ರಾ ಫಿಂಚ್‌ನ ಕುಟುಂಬಕ್ಕೇ ಸೇರಿದವು. ಚುಕ್ಕೆ ರಾಟವಾಳ ಬಾಗಿದ ಹುಲ್ಲುತೆನೆಗೆ ಜೋತುಬಿದ್ದು ಬೀಜ ಕೀಳುತ್ತದೆ, ಭತ್ತ ಹಾಲುಗಟ್ಟುವಾಗ ಗುಂಪಾಗಿ ಗದ್ದೆಗಿಳಿಯುತ್ತದೆ, ನಡುನಡುವೆ ಸಣ್ಣ ಹುಳುಗಳನ್ನೂ ತಿನ್ನುತ್ತದೆ. ಪಂಜರಗಳಲ್ಲಿ ಸಾಕುವ ಬೆಂಗಾಲೀಸ್ ಫಿಂಚ್ ನಮ್ಮಲ್ಲೂ ಕಾಣುವ ಬಿಳಿ ಬೆನ್ನಿನ ರಾಟವಾಳದಿಂದ ಬಂದ ತಳಿ ಎಂಬುದು ಹಲವರಿಗೆ ತಿಳಿದಿಲ್ಲ. ಹಾಗೆಂದು ಗದ್ದೆಯ ರಾಟವಾಳವನ್ನು ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಫಿಂಚ್ ಎಂಬ ಹೆಸರು ಬೇರೆ ಬೇರೆ ಕುಟುಂಬಗಳ ಹಕ್ಕಿಗಳಿಗೆ ಅಂಟಿಕೊಂಡಿದೆ. ಯಾವುದು ಏನು ತಿನ್ನುತ್ತದೆ ಎಂಬುದನ್ನು ಹೆಸರಿಗಿಂತ ಕೊಕ್ಕೇ ಚೆನ್ನಾಗಿ ಹೇಳುತ್ತದೆ. ಕತ್ತರಿಯಂತೆ ತುದಿಗಳು ಅಡ್ಡಹಾಯ್ದ ಕೊಕ್ಕಿನ ಕ್ರಾಸ್‌ಬಿಲ್ ಪೈನ್ ಕಾಯಿಯ ಹುರುಪೆಗಳನ್ನು ಸೀಳಿ ಬೀಜ ತೆಗೆಯುತ್ತದೆ. ಪೆಸಿಫಿಕ್ ಸಾಗರದ ಗ್ಯಾಲಪಗಸ್ ದ್ವೀಪಗಳಲ್ಲಿ, ಕಾಲಿಗೆ ಚುಚ್ಚುವ ನಮ್ಮ ನೆಗ್ಗಿಲಮುಳ್ಳಿನ ಹತ್ತಿರದ ನಂಟನಾದ ಗಿಡವೊಂದರ ಗಟ್ಟಿಕಾಯಿಯನ್ನು ದಪ್ಪ ಕೊಕ್ಕಿನ ಫಿಂಚ್ ಒಡೆಯುತ್ತದೆ. ಅಲ್ಲಿನ ಡ್ಯಾಫ್ನೆ ಮೇಜರ್ ದ್ವೀಪದಲ್ಲಿ 1977ರ ಬರದಿಂದ ಮೆತ್ತನೆಯ ಸಣ್ಣ ಬೀಜಗಳು ಮುಗಿದಾಗ, ಹೆಚ್ಚಾಗಿ ಬದುಕುಳಿದವು ದಪ್ಪ ಕೊಕ್ಕಿನವೇ. ಅಮೆರಿಕದ ಗೋಲ್ಡ್‌ಫಿಂಚ್‌ನ ಚೂಪು ಕೊಕ್ಕಿಗೆ ಹೇಳಿಮಾಡಿಸಿದ ತಿನಿಸೆಂದರೆ ನಾವು ಚಟ್ನಿಪುಡಿ ಮಾಡುವ ಹುಚ್ಚೆಳ್ಳು, ಅದು ಭಾರತದಿಂದಲೂ ಅಲ್ಲಿಗೆ ರಫ್ತಾಗುತ್ತದೆ. ನಿಮ್ಮ ಜೋಡಿಗೂ ಅದನ್ನು ಹಾಕಬಹುದು, ಆದರೆ ಎಣ್ಣೆಯಂಶ ಹೆಚ್ಚಿರುವುದರಿಂದ ವಾರಕ್ಕೊಮ್ಮೆ ಒಂದು ಚಿಟಿಕೆಗಿಂತ ಹೆಚ್ಚು ಬೇಡ.